ನಾಲ್ಕು ವಾರದ ರಜೆ
ಕಚೇರಿಯಲ್ಲಿ ರಜೆಯ ಅರ್ಜಿ ಬರೆಯುವಾಗಲೆಲ್ಲ ನಮಗೆ ಪಾಶ್ಚಾತ್ಯ ಸಂಗೀತದ ಯೋಹಾನ್ ಸೆಬಾಸ್ಟಿಯನ್ ಬಾಖ್ ನೆನಪಾಗುತ್ತಾನೆ. 1703ರಲ್ಲಿ, 18ನೆಯ ವಯಸ್ಸಿಗೆ, ಜರ್ಮನಿಯ ಆರ್ನ್‌ಸ್ಟಾಟ್ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರಿದ. ಆರ್ಗನ್ ಎಂದರೆ ನಮ್ಮ ಭಜನೆಯ ಹಾರ್ಮೋನಿಯಂ ಅಲ್ಲ. ಆಳೆತ್ತರ ಮೀರಿದ ಕೊಳವೆಗಳ ಸಾಲು, ಅಂದಿನ ದಿನಗಳಲ್ಲಿ ತಿದಿಯೊತ್ತಲು ಬೇರೆ ಆಳೇ ಬೇಕು.

1705ರಲ್ಲಿ ನಾಲ್ಕು ವಾರ ರಜೆ ಪಡೆದು, ತನ್ನ ಜಾಗಕ್ಕೆ ಬದಲಿಯೊಬ್ಬನನ್ನು ಗೊತ್ತುಮಾಡಿ, ಬುಕ್ಸ್‌ಟೆಹೂಡ ಎಂಬ ಹಿರಿಯ ವಾದಕನನ್ನು ಕೇಳಲು ಲ್ಯೂಬೆಕ್‌ಗೆ ಹೊರಟ. ಸುಮಾರು 250 ಮೈಲಿ, ಕಾಲ್ನಡಿಗೆ! ಗುರುವನ್ನರಸಿ ಹೋದವನಿಗೆ ದಿನದ ಲೆಕ್ಕವೆಲ್ಲಿ? ನಾಲ್ಕು ವಾರ ಹೆಚ್ಚುಕಡಿಮೆ ನಾಲ್ಕು ತಿಂಗಳಾಯಿತು.

1706ರ ಫೆಬ್ರವರಿಯಲ್ಲಿ ಮೇಲಿನವರು ವಿವರಣೆ ಕೇಳಿದರು. ಅವರ ಮೇಲೆ ನಮಗೇನೂ ಸಿಟ್ಟಿಲ್ಲ. ಹಾಜರಿ ಪುಸ್ತಕ ನೋಡುವವರು ನಾವೂ ಹೌದು. ವಿದ್ಯೆಗಾಗಿ ಹೋಗಿದ್ದೆನೆಂದ. ಸ್ತುತಿಗೀತೆಗೆ ವಿಚಿತ್ರ ಸ್ವರ ಬೆರೆಸಿ ಹಾಡುವವರನ್ನು ತಬ್ಬಿಬ್ಬು ಮಾಡುತ್ತಾನೆಂಬುದು ಇನ್ನೊಂದು ದೂರು. ಕಲಿತ ಕೈ ಸುಮ್ಮನಿದ್ದೀತೇ? ಕೆಲಸವೇನೋ ಉಳಿಯಿತು, 1707ರಲ್ಲಿ ಆತನೇ ಬಿಟ್ಟು ಬೇರೆ ಊರಿಗೆ ಹೋದ.