ಕುರಿಗಾರರ ಬಿಡಾರ

ನಮ್ಮ ಜತ್ತ ಸೀಮೆಯ ಬಯಲಿನಲ್ಲಿ ಕುರಿಮಂದೆಯೊಡನೆ ಸಂಚರಿಸುವ ಕುಟುಂಬಗಳು ಬಿಡಾರಕ್ಕೆ ಸ್ಥಳವನ್ನಾರಿಸುವ ಕ್ರಮವು ವಿದ್ಯಾರ್ಥಿಗಳು ಅರಿಯತಕ್ಕುದಾಗಿದೆ. ಪೈರು ಕೊಯ್ದು ಬರಿದಾದ ವಿಶಾಲವಾದ ಹೊಲವೇ ಅವರಿಗೆ ಮೆಚ್ಚು. ಮಂದೆಯು ಇರುಳು ಅಲ್ಲಿ ತಂಗಿದರೆ ಹಿಕ್ಕೆ, ಮೂತ್ರಗಳಿಂದ ಭೂಮಿಗೆ ಸಾರವುಂಟಾಗುವುದು; ಅದಕ್ಕಾಗಿ ಹೊಲದೊಡೆಯನು ಕಾಳನ್ನೋ ಹಣವನ್ನೋ ಕೊಡುವನು. ನೀರು ಸಮೀಪದಲ್ಲಿರಬೇಕು. ಆದರೆ ತಗ್ಗುನೆಲ ಸಲ್ಲದು, ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುವುದು. ಹೆದ್ದಾರಿಯು ದೂರವಿದ್ದಷ್ಟೂ ಮಕ್ಕಳಿಗೂ ಮರಿಗಳಿಗೂ ಕ್ಷೇಮ.

ನಾಯಿಗಳನ್ನಂತೂ ಮರೆಯಲಾಗದು. ತೋಳವು ಈ ನಾಡಿನಿಂದ ಇನ್ನೂ ಅಳಿದಿಲ್ಲ. ಅದರ ಸುಳಿವನ್ನು ಮೊದಲು ಅರಿಯುವುದು ನಾಯಿಯೇ. ಗದ್ದಲವಿರುವೆಡೆಯಲ್ಲಿ ಅದು ಇರುಳೆಲ್ಲ ಸುಮ್ಮಸುಮ್ಮನೆ ಬೊಗಳುವುದರಿಂದ, ನಿಜವಾದ ಅಪಾಯದ ಕೂಗನ್ನು ಗುರುತಿಸುವುದು ಕಠಿಣ. ಆದುದರಿಂದಲೇ ಕುರಿಗಾರರು ನಿಶ್ಶಬ್ದವಾದ ಎಡೆಯನ್ನು ಅರಸುವರು.

ನೀರಾವರಿಯಾದ ಹೊಲಗಳಲ್ಲಿ ವರ್ಷವಿಡೀ ಪೈರು ನಿಲ್ಲುವುದರಿಂದ ಇಂತಹ ಎಡೆಗಳು ವಿರಳವಾಗುತ್ತಿವೆ. ನಮ್ಮ ತರಗತಿಗಳಲ್ಲಿ ಕುಳಿತಿರುವ ಕೆಲವು ಮಕ್ಕಳ ತಂದೆತಾಯಿಯರು ಈ ಸಂಜೆಯೂ ಒಂದನ್ನು ಹುಡುಕುತ್ತಿರಬಹುದು.