ಬೋಸ್ಟನ್ನಿನ ಐರಿಶರು ಎಲ್ಲಿಗೆ ಹೋದರು?

ಅಮೆರಿಕದಲ್ಲಿ ಐರಿಶರ ಊರು ಯಾವುದು ಎಂದು ಕೇಳಿದರೆ ಹೆಚ್ಚಿನವರು ಬೋಸ್ಟನ್ ಎನ್ನುತ್ತಾರೆ. ಅಲ್ಲಿನ ಬಾಸ್ಕೆಟ್‌ಬಾಲ್ ತಂಡದ ಹೆಸರೇ ಸೆಲ್ಟಿಕ್ಸ್. ಕೆನಡಿ ಮನೆತನ ಬೇರೂರಿದ್ದು ಅಲ್ಲೇ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ ಬೋಸ್ಟನ್ ಇರುವ ಸಫೋಕ್ ಕೌಂಟಿಗೆ ಅಧಿಕೃತ ರಜಾದಿನವೂ ಹೌದು. ಕಾಗದದ ಮೇಲೆ ಮಾತ್ರ ಕಾರಣ ಬೇರೆ: 1776ರಲ್ಲಿ ಬ್ರಿಟಿಷ್ ಸೈನ್ಯ ಊರು ಬಿಟ್ಟು ಹೋದದ್ದು ಅದೇ ತಾರೀಖಿನಂದು!

ಆದರೆ ಮ್ಯಾಸಚೂಸೆಟ್ಸ್ ರಾಜ್ಯದ ಹದಿನಾಲ್ಕು ಕೌಂಟಿಗಳ ನಕ್ಷೆ ಬೇರೆಯದನ್ನೇ ಹೇಳುತ್ತದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ರಾಜ್ಯದಲ್ಲಿ ಸುಮಾರು ಐವರಲ್ಲಿ ಒಬ್ಬರು ತಮ್ಮ ಮೂಲ ಐರಿಶ್ ಎನ್ನುತ್ತಾರೆ. ಬೋಸ್ಟನ್ನಿನ ದಕ್ಷಿಣಕ್ಕೆ, ಕಡಲಂಚಿನ ಪ್ಲಿಮತ್ ಕೌಂಟಿಯಲ್ಲಿ ಹತ್ತರಲ್ಲಿ ಮೂವರು. ಪಕ್ಕದ ನಾರ್ಫೋಕ್ ಕೌಂಟಿ ಅದಕ್ಕಿಂತ ತುಸು ಕಡಿಮೆ. ಬೋಸ್ಟನ್ ಇರುವ ಸಫೋಕ್‌ನಲ್ಲಿ? ಏಳೆಂಟು ಜನರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

ಪುಣೆಯಲ್ಲಿ ಕೂತು ಡೇಟಾದ ಜೊತೆ ಏಗುವುದೇ ನನ್ನ ಉದ್ಯೋಗ. ಕೆಲಸದ ಮೇಲೆ ಕೆಲವು ತಿಂಗಳು ಬೋಸ್ಟನ್ನಿನಲ್ಲಿ ಇದ್ದಾಗ ಈ ನಕ್ಷೆಯ ರುಚಿ ಹತ್ತಿತು. ಊರು ಬಿಟ್ಟು ಊರಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಕೊನೆಗೆ ಎಲ್ಲಿ ನೆಲೆಸುತ್ತಾರೆ ಎನ್ನುವುದು ನಮ್ಮಂಥವರಿಗೂ ಬೇಕಾದ ಪ್ರಶ್ನೆಯೇ ಅಲ್ಲವೇ?

ಹಡಗಿನಿಂದ ಕಾಲುವೆಗೆ

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಬಡವರ ಊಟವೆಂದರೆ ಆಲೂಗಡ್ಡೆಯೇ ಆಗಿದ್ದ ನಾಡು ಅದು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. 1847 ಒಂದೇ ವರ್ಷದಲ್ಲಿ ಸುಮಾರು 37,000 ಐರಿಶರು ಬೋಸ್ಟನ್ನಿಗೆ ಬಂದಿಳಿದರು. ಆಗ ಆ ಊರಿನ ಒಟ್ಟು ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ. ಬಂದವರು ಬಂದರಿನ ಪಕ್ಕದ ಇಕ್ಕಟ್ಟಿನ ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ತುಂಬಿಕೊಂಡರು.

ಬರಗಾಲಕ್ಕೂ ಮುಂಚೆ ಬಂದವರಿದ್ದರು. 1822ರಲ್ಲಿ ಹ್ಯೂ ಕಮಿಸ್ಕಿ ಎಂಬ ಐರಿಶ್ ಮೇಸ್ತ್ರಿ ಮೂವತ್ತು ಕೂಲಿಗಳನ್ನು ಕಟ್ಟಿಕೊಂಡು ಚಾರ್ಲ್ಸ್‌ಟೌನಿನಿಂದ ಲೋವೆಲ್‌ಗೆ ನಡೆದೇ ಹೋದ. ಹತ್ತಿಗಿರಣಿಗಳಿಗೆ ನೀರು ಹರಿಸುವ ಕಾಲುವೆ ಅಗೆಯುವ ಕೆಲಸ ಅಲ್ಲಿತ್ತು. ಲೋವೆಲ್ ಇರುವುದು ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ. ಎಸೆಕ್ಸ್ ಕೌಂಟಿಯ ಲಾರೆನ್ಸ್, ಪಶ್ಚಿಮದ ಹ್ಯಾಂಪ್ಡೆನ್ ಕೌಂಟಿಯ ಹೋಲಿಯೋಕ್ ಊರುಗಳದೂ ಹೀಗೆಯೇ ಅಣೆಕಟ್ಟು, ಕಾಲುವೆ, ಗಿರಣಿಯ ಕಥೆ. ಹಳೆಯ ಐರಿಶ್ ಬೀಡುಗಳನ್ನು ಹುಡುಕಬೇಕಾದರೆ ಎಲ್ಲಿ ಗುದ್ದಲಿಗೆ ಕೆಲಸವಿತ್ತು ಎಂದು ನೋಡಿದರೆ ಸಾಕು.

ಆದರೆ ಇಂದಿನ ಕಡುಹಸಿರು ಕೌಂಟಿಗಳು ಗುದ್ದಲಿಯ ಕಾಲದವಲ್ಲ. ಅವು ಮೊಮ್ಮಕ್ಕಳು, ಮರಿಮಕ್ಕಳು ಕೊಂಡ ಮನೆಗಳ ಗುರುತು.

ಒಂದು ಮನೆತನ, ಮೂರು ಕೌಂಟಿ

ಕೆನಡಿಯವರನ್ನೇ ನೋಡಿ. ಬರಗಾಲದ ವರ್ಷಗಳಲ್ಲಿ ವೆಕ್ಸ್‌ಫರ್ಡ್‌ನಿಂದ ಬಂದ ಪ್ಯಾಟ್ರಿಕ್ ಕೆನಡಿ ಈಸ್ಟ್ ಬೋಸ್ಟನ್ನಿನಲ್ಲಿ ಪೀಪಾಯಿ ಮಾಡುವ ಕೆಲಸ ಮಾಡಿ 1858ರಲ್ಲಿ ತೀರಿಕೊಂಡ. ಅದು ಸಫೋಕ್ ಕೌಂಟಿ. ಅವನ ಮರಿಮಗ ಜಾನ್ ಎಫ್. ಕೆನಡಿ ಹುಟ್ಟಿದ್ದು 1917ರಲ್ಲಿ, ಬ್ರೂಕ್‌ಲೈನ್‌ನಲ್ಲಿ. ಬೋಸ್ಟನ್ನಿಗೆ ಅಂಟಿಕೊಂಡಿದ್ದರೂ ಬ್ರೂಕ್‌ಲೈನ್ ಸೇರಿರುವುದು ನಾರ್ಫೋಕ್ ಕೌಂಟಿಗೆ. ಮುಂದೆ ಕುಟುಂಬದ ಬೇಸಿಗೆ ಮನೆ ಎದ್ದದ್ದು ಕೇಪ್ ಕಾಡ್‌ನ ಹಯಾನಿಸ್ ಪೋರ್ಟ್‌ನಲ್ಲಿ, ಅಂದರೆ ಬಾರ್ನ್‌ಸ್ಟೇಬಲ್ ಕೌಂಟಿಯಲ್ಲಿ. ಬಂದರಿನಿಂದ ಉಪನಗರಕ್ಕೆ, ಅಲ್ಲಿಂದ ಕಡಲ ತೀರಕ್ಕೆ. ಅವರಷ್ಟು ದುಡ್ಡಿಲ್ಲದ ಸಾವಿರಾರು ಐರಿಶ್ ಕುಟುಂಬಗಳೂ ಎರಡನೇ ಮಹಾಯುದ್ಧದ ನಂತರ ಇದೇ ದಿಕ್ಕಿನಲ್ಲಿ ಹೊರಟವು. ಯುದ್ಧದಿಂದ ಮರಳಿದವರಿಗೆ ಸರ್ಕಾರದ ನೆರವಿನ ಗೃಹಸಾಲ ಸಿಕ್ಕಿತು. ದಕ್ಷಿಣಕ್ಕೆ ಹೊಸ ಹೆದ್ದಾರಿ ಬಂತು.

ಈ ಕಥೆಗೆ ಅಷ್ಟು ಚಂದವಲ್ಲದ ಇನ್ನೊಂದು ಮುಖವೂ ಇದೆ. 1974ರಲ್ಲಿ ಬೋಸ್ಟನ್ನಿನ ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಕಲಿಯಲಿ ಎಂದು ಅವರನ್ನು ಬಸ್ಸಿನಲ್ಲಿ ಬೇರೆ ಬೇರೆ ಬಡಾವಣೆಗಳ ಶಾಲೆಗೆ ಕಳಿಸುವಂತೆ ನ್ಯಾಯಾಲಯ ಆದೇಶಿಸಿತು. ಐರಿಶರೇ ತುಂಬಿದ್ದ ಸೌತ್ ಬೋಸ್ಟನ್ ಅದನ್ನು ಕಲ್ಲೆಸೆದು ವಿರೋಧಿಸಿತು. ಆದೇಶ ಕೊಟ್ಟ ನ್ಯಾಯಾಧೀಶರೂ ಐರಿಶ್ ಮೂಲದವರೇ. ಅನೇಕ ಬಿಳಿಯ ಕುಟುಂಬಗಳು ಆ ವರ್ಷಗಳಲ್ಲಿ ನಗರ ತೊರೆದವು. ಒಂದು ಕಾಲಕ್ಕೆ ತಮ್ಮನ್ನೇ ಹೊರಗಿಟ್ಟಿದ್ದ ಊರಿನಲ್ಲಿ ಬೇರೆಯವರಿಗೆ ಜಾಗ ಬಿಡಲಾರದೆ ಹೊರಟವರ ಪಾಲೂ ನಕ್ಷೆಯ ಆ ಹಸಿರಿನಲ್ಲಿ ಸೇರಿದೆ.

ದಕ್ಷಿಣದ ಕಡಲತೀರಕ್ಕೆ ಈಗ 'ಐರಿಶ್ ರಿವಿಯೆರಾ' ಎಂದೇ ಅಡ್ಡಹೆಸರು. ಅಲ್ಲಿನ ಸಿಚುಯೇಟ್ ಊರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಮ್ಮನ್ನು ಐರಿಶ್ ಮೂಲದವರೆಂದು ಬರೆಸಿದ್ದುಂಟು. ಇಲ್ಲಿಗೆ ಐರಿಶರನ್ನು ಮೊದಲು ಕರೆತಂದದ್ದು ಒಂದು ಕಡಲಪಾಚಿ! 1847ರ ಸುಮಾರಿಗೆ ಡೇನಿಯಲ್ ವಾರ್ಡ್ ಎಂಬ ಐರಿಶ್ ವಲಸಿಗ ತನ್ನೂರಿನ ತೀರದಲ್ಲಿ ಸಿಗುತ್ತಿದ್ದ ಪಾಚಿಯನ್ನೇ ಇಲ್ಲಿನ ಬಂಡೆಗಳ ಮೇಲೂ ಕಂಡು, ಕಿತ್ತು, ಒಣಗಿಸಿ ಮಾರತೊಡಗಿದ. ಐಸ್‌ಕ್ರೀಮ್ ಗಟ್ಟಿಯಾಗಲು ಬಳಸುವ ಕ್ಯಾರಜೀನನ್ ಆ ಪಾಚಿಯಿಂದಲೂ ಸಿಗುತ್ತದೆ.

ಉಳಿದ ಕೌಂಟಿಗಳನ್ನು ಬೇಗ ಹೇಳಿಬಿಡುತ್ತೇನೆ. ಬ್ರಿಸ್ಟಲ್‌ನಲ್ಲಿ ಪೋರ್ಚುಗೀಸ್ ಮೂಲದವರದೇ ಮೇಲುಗೈ. ಹೋಲಿಯೋಕ್‌ನ ಸೇಂಟ್ ಪ್ಯಾಟ್ರಿಕ್ ಮೆರವಣಿಗೆ ಇಂದಿಗೂ ಪ್ರಸಿದ್ಧ, ಆದರೆ ಆ ಊರಿನ ಅರ್ಧದಷ್ಟು ಜನ ಈಗ ಪೋರ್ಟೊರಿಕೊ ಮೂಲದವರು. ಇನ್ನೊಂದು ಮಾತು: ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ಮೊದಲ ಸ್ಥಾನ ಪ್ಲಿಮತ್‌ಗಲ್ಲ, ಜನಸಂಖ್ಯೆಯಲ್ಲಿ ದೊಡ್ಡದಾದ ಮಿಡ್ಲ್‌ಸೆಕ್ಸ್‌ಗೆ. ಅಂಕಿ ಒಂದೇ, ಭಾಗಿಸುವ ಸಂಖ್ಯೆ ಬದಲಾದರೆ ನಕ್ಷೆಯೂ ಬದಲು.

ಕೇಳಿದ್ದಕ್ಕೆ ಉತ್ತರ

ಇಷ್ಟೆಲ್ಲ ಗೊತ್ತಾಗುವುದು ಹೇಗೆ? ಸರ್ಕಾರ ಕೇಳುತ್ತದೆ, ಜನ ಬರೆಸುತ್ತಾರೆ. ಅಷ್ಟೇ. 'ನಿಮ್ಮ ವಂಶಮೂಲ ಯಾವುದು' ಎಂಬ ಪ್ರಶ್ನೆ ಅಮೆರಿಕದ ಗಣತಿಗೆ ಸೇರಿದ್ದು 1980ರಲ್ಲಿ. ಈಗ ಅದನ್ನು ಪ್ರತಿವರ್ಷದ ಸಮೀಕ್ಷೆಯಲ್ಲಿ ಕೇಳುತ್ತಾರೆ. ಯಾರೂ ದಾಖಲೆ ತೋರಿಸಬೇಕಿಲ್ಲ. ಅಜ್ಜಿಯ ಅಜ್ಜಿ ಒಬ್ಬಳು ಐರಿಶ್ ಆಗಿದ್ದು, ಉಳಿದವರೆಲ್ಲ ಇಟಲಿಯವರಾಗಿದ್ದರೂ 'ಐರಿಶ್' ಎಂದು ಬರೆಸಬಹುದು. 2020ರ ಗಣತಿಯಲ್ಲಿ ಹೀಗೆ ಬರೆಸಿದವರು ಸುಮಾರು 3.86 ಕೋಟಿ. ಇಡೀ ಐರ್ಲೆಂಡ್ ದ್ವೀಪದ ಜನಸಂಖ್ಯೆ ಎಪ್ಪತ್ತು ಲಕ್ಷದ ಆಸುಪಾಸು!

ಬರಗಾಲದಲ್ಲಿ ಬಂದವರಲ್ಲಿ ಅನೇಕರ ಮನೆಮಾತು ಐರಿಶ್ ಭಾಷೆಯಾಗಿತ್ತು. ಇವತ್ತು ಆ 3.86 ಕೋಟಿಯಲ್ಲಿ ಅದನ್ನು ಮನೆಯಲ್ಲಿ ಆಡುವವರು ಬೆರಳೆಣಿಕೆಯಷ್ಟು ಎಂದರೂ ತಪ್ಪಾಗದು. ಭಾಷೆ ಹೋಯಿತು. ಆದರೂ ಅವರು ನಕ್ಷೆಯಲ್ಲಿ ಕಾಣುತ್ತಾರೆ, ಏಕೆಂದರೆ ಅವರನ್ನು ಕೇಳಿದ್ದು ಮೂಲದ ಬಗ್ಗೆ.

ನಮ್ಮ ಜನಗಣತಿ ವಂಶಮೂಲ ಕೇಳುವುದಿಲ್ಲ. ಹುಟ್ಟಿದ ಊರು ಕೇಳುತ್ತದೆ, ಮಾತೃಭಾಷೆ ಕೇಳುತ್ತದೆ, ಗೊತ್ತಿರುವ ಇನ್ನೆರಡು ಭಾಷೆ ಕೇಳುತ್ತದೆ. ಧಾರವಾಡದಲ್ಲಿ ಹುಟ್ಟಿ ಪುಣೆಗೆ ಬಂದ ನಾನು ಎರಡು ಕಡೆ ಕಾಣುತ್ತೇನೆ. ಪುಣೆಯಲ್ಲೇ ಹುಟ್ಟಿದ ನನ್ನ ಮಗಳ ಕನ್ನಡತನ ಕಾಣುವುದು ಭಾಷೆಯ ಕಾಲಂನಲ್ಲಿ ಮಾತ್ರ. ನಾಳೆ ಅವಳ ಮಕ್ಕಳು ಮರಾಠಿ ಎಂದೋ ಹಿಂದಿ ಎಂದೋ ಬರೆಸಿದರೆ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನಮ್ಮ ಗುರುತು ಅಲ್ಲಿಗೆ ಮುಗಿಯಿತು. ಮಹಾರಾಷ್ಟ್ರದಲ್ಲಿ 2011ರ ಗಣತಿಯಂತೆ ಸುಮಾರು ಹತ್ತು ಲಕ್ಷ ಕನ್ನಡಿಗರಿದ್ದಾರೆ. ಅದರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕಡೆಯವರು ವಲಸಿಗರಲ್ಲ, ತಲೆತಲಾಂತರದಿಂದ ಅಲ್ಲಿಯವರೇ. ಮುಂಬಯಿಯ ಹಳೆಯ ಹೋಟೆಲಿನವರ, ಗಿರಣಿಯವರ ಮೂರನೇ ತಲೆಮಾರು ಆ ಹತ್ತು ಲಕ್ಷದಲ್ಲಿ ಎಷ್ಟಿದೆ ಎಂದು ಯಾವ ಕಾಲಂ ನೋಡಿಯೂ ಹೇಳಲಾಗದು.

ಮೂರು ಭಾಷೆ ಬರೆಸಲು ಜಾಗವಿದೆ ಎನ್ನುವುದನ್ನು ಮಾತ್ರ ಮರೆಯಬಾರದು. ಮಾತೃಭಾಷೆಯ ಜಾಗದಲ್ಲಿ ಬೇರೆಯದು ಬಂದರೂ ಉಳಿದೆರಡರಲ್ಲಿ ಕನ್ನಡಕ್ಕೆ ಸ್ಥಳವುಂಟು. ಆದರೆ ಅಲ್ಲಿ ಬರೆಸಬೇಕಾದರೆ ಕನ್ನಡ ಬರಬೇಕು. ಐರಿಶರಿಗೆ ನೆನಪಿದ್ದರೆ ಸಾಕಾಯಿತು, ನಮಗೆ ಮಾತೇ ಬೇಕು. ಮುಂದಿನ ಗಣತಿ 2027ಕ್ಕೆ ನಿಗದಿಯಾಗಿದೆ. ಎಣಿಕೆಯವರು ಬಂದಾಗ ಉತ್ತರ ಹೇಳುವ ಕೆಲಸವನ್ನು ಈ ಸಲ ನನ್ನ ಮಗಳಿಗೇ ಬಿಡಬೇಕೆಂದಿದ್ದೇನೆ. ಅಲ್ಲಿಯ ತನಕ ರಾತ್ರಿಯ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಕನ್ನಡವೇ.