ಅಲೆಗೂ ಸಮಾಧಾನವಿರುವ ಕಾರವಾರ

ಬೆಂಗಳೂರಿನ ಜೀವನ್ ಬಿಮಾ ನಗರದ ಮನೆಗಳಲ್ಲಿ ‘ಬೀಚ್’ ಎಂದ ಕೂಡಲೇ ಗೋಕರ್ಣ, ಗೋವಾ ಎನ್ನುವವರೇ ಹೆಚ್ಚು. ಪುಟ್ಟ ಮಕ್ಕಳು, ಅಜ್ಜ-ಅಜ್ಜಿ ಜೊತೆಗಿದ್ದರೆ ಕಾರವಾರವೇ ಮೇಲು. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ತಿಂಡಿ ಅಲ್ಲೇ.

ಇಲ್ಲಿನ ಕಡಲಿನ ಸೌಮ್ಯ ಸ್ವಭಾವಕ್ಕೆ ಕಾರಣ ಭೂಗೋಳ. ದಕ್ಷಿಣಕ್ಕೆ ನೀರಿನೊಳಗೆ ಚಾಚಿದ ಬೈತಕೋಲದ ಗುಡ್ಡ, ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ಅರಬ್ಬಿ ಸಮುದ್ರದ ಅಲೆಗಳು ಇವಕ್ಕೆ ಡಿಕ್ಕಿ ಹೊಡೆದು, ಜೋರು ಕಳೆದುಕೊಂಡೇ ಟ್ಯಾಗೋರ್ ಕಡಲತೀರ ಮುಟ್ಟುತ್ತವೆ. ಹೆಸರು ಸುಮ್ಮನೆ ಬಂದದ್ದಲ್ಲ. 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು.

ದಿನಕ್ಕೆ ಎರಡು ಭರತ, ಎರಡು ಇಳಿತ. ಇಳಿತದಲ್ಲಿ ಗಟ್ಟಿ ಮರಳು ಅಗಲವಾಗಿ ತೆರೆದುಕೊಳ್ಳುತ್ತದೆ. ಇಂದಿರಾನಗರದ ಯಾವ ಪಾರ್ಕೂ ಮಕ್ಕಳಿಗೆ ಇಂಥ ಕ್ರಿಕೆಟ್ ಮೈದಾನ ಕೊಡಲಾರದು!

ಆದರೆ ಉತ್ತರದಲ್ಲಿರುವ ಕಾಳಿ ನದಿಯ ಅಳಿವೆ ಬಳಿ ನೀರಿಗಿಳಿಯುವುದು ಬೇಡ. ಇಳಿತದ ಹೊತ್ತಿನಲ್ಲಿ ನದಿಯೂ ಕಡಲೂ ಒಟ್ಟಾಗಿ ಹೊರಕ್ಕೆ ಎಳೆಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಆಗ ಈ ಕೊಲ್ಲಿಯನ್ನೂ ನಂಬುವಂತಿಲ್ಲ.

ಬಿಸಿಲೇರಿದಾಗ ದಡದಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಇದೆ. ಮಕ್ಕಳು ಅಲ್ಲಿಂದ ಬೇಗ ಹೊರಡುವುದಿಲ್ಲ, ಮೀನೂಟಕ್ಕೆ ತಡವಾದೀತು.